ಪ್ಲೇನ್ಸ್: ಶೇಂಗಾ ಹೊಲಗಳ ನಡುವಣ ಒಂದು ಪುಟ್ಟ ಊರು

ಇಂದು ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರು ಕಳುಹಿಸುವ ಚಿತ್ರಗಳಲ್ಲಿ ಮುಗಿಲು ಮುಟ್ಟುವ ಕಟ್ಟಡಗಳು, ಎಂಟು ಸಾಲಿನ ರಸ್ತೆಗಳು, ನಯಾಗರಾ ಜಲಪಾತ ಕಾಣುತ್ತವೆ. ಇದರಿಂದಾಗಿ ಅಮೆರಿಕವೆಂದರೆ ಬರೀ ನಗರಗಳ ನಾಡು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಆ ದೇಶದಲ್ಲಿಯೂ ನಮ್ಮ ಹಳ್ಳಿಗಳಂತೆ ಮಳೆಯ ದಾರಿ ಕಾಯುವ, ಬೆಳೆದ ಬೆಳೆಗೆ ಬೆಲೆ ಸಿಗದೆ ಹಲುಬುವ, ಓದಿದ ಮಕ್ಕಳು ಪಟ್ಟಣ ಸೇರಿದ ಮೇಲೆ ಹಿರಿಯರಷ್ಟೇ ಉಳಿಯುವ ಸಣ್ಣ ಊರುಗಳು ಸಾವಿರಾರು ಇವೆ. ಅಂಥ ಊರುಗಳಲ್ಲೊಂದು ದಕ್ಷಿಣದ ಜಾರ್ಜಿಯಾ ರಾಜ್ಯದ ಪ್ಲೇನ್ಸ್. 2020ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ಕೇವಲ 573. ನಮ್ಮಲ್ಲಿ ಒಂದು ಸಾಧಾರಣ ಓಣಿಯಷ್ಟು ಜನ.

ಈ ಊರಿನ ಹೆಸರನ್ನು ಜಗತ್ತು ಕೇಳಿದ್ದು ಅಲ್ಲಿ ಹುಟ್ಟಿ, ದೇಶದ ಅಧ್ಯಕ್ಷರಾಗಿ, ಅಧಿಕಾರ ಮುಗಿದ ಮರುದಿನವೇ ಎಂಬಂತೆ ಅಲ್ಲಿಗೇ ಮರಳಿದ ಜಿಮ್ಮಿ ಕಾರ್ಟರ್ ಅವರಿಂದ. ಆದರೆ ಈ ಲೇಖನದಲ್ಲಿ ನಾವು ಒಬ್ಬ ವ್ಯಕ್ತಿಯ ಚರಿತ್ರೆಯನ್ನಷ್ಟೇ ಹೇಳಹೊರಟಿಲ್ಲ. ಆ ಊರಿನ ನೆಲ, ನೀರು, ಜನ, ಅಲ್ಲಿಯ ನೋವು, ಅಲ್ಲಿಯ ಧರ್ಮಜೀವನ ಇವುಗಳನ್ನು ತಿಳಿಯುವುದು ನಮ್ಮ ಉದ್ದೇಶ. ಕಾಯಕ ದಾಸೋಹಗಳ ಹಾದಿಯಲ್ಲಿ ನಡೆಯಬಯಸುವ ನಮ್ಮ ಕುಟುಂಬಗಳಿಗೆ ಇದರಲ್ಲಿ ಯೋಚಿಸತಕ್ಕ ಸಂಗತಿಗಳು ಹಲವು ಇವೆ.

ನೆಲ ಮತ್ತು ನೀರು

ಜಾರ್ಜಿಯಾದ ರಾಜಧಾನಿ ಅಟ್ಲಾಂಟಾದಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ಸಮ್ಟರ್ ಕೌಂಟಿಯಲ್ಲಿ ಪ್ಲೇನ್ಸ್ ಇದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂತೆ ಎನ್ನಬಹುದು. ಕೌಂಟಿಯ ಮುಖ್ಯ ಪಟ್ಟಣ ಅಮೆರಿಕಸ್ ಇಲ್ಲಿಂದ ಪೂರ್ವಕ್ಕೆ 10 ಮೈಲಿ. ಪಶ್ಚಿಮಕ್ಕೆ ಚಟಹೂಚಿ ನದಿ, ಪೂರ್ವಕ್ಕೆ ಫ್ಲಿಂಟ್ ನದಿ. ಇವೆರಡರ ನಡುವಿನ ಬಯಲಿನಲ್ಲಿ ಊರು ಕುಳಿತಿದೆ. ಸಮುದ್ರ ಮಟ್ಟದಿಂದ ಎತ್ತರ ಸುಮಾರು 500 ಅಡಿ. ಊರಿನ ವಿಸ್ತೀರ್ಣ ಎಲ್ಲ ಸೇರಿ ಎರಡು ಚದರ ಕಿಲೋಮೀಟರಿನಷ್ಟು. ನಡೆದುಕೊಂಡೇ ಊರನ್ನೆಲ್ಲ ನೋಡಿ ಬರಬಹುದು.

ಅಕ್ಷಾಂಶವನ್ನು ಲೆಕ್ಕ ಹಾಕಿದರೆ ಪ್ಲೇನ್ಸ್ ನಮ್ಮ ಪಂಜಾಬಿನ ಸಾಲಿನಲ್ಲಿ ಬರುತ್ತದೆ. ಆದರೆ ಹವೆ ಬೇರೆ. ಬೇಸಿಗೆಯಲ್ಲಿ ಬೆವರು ಹರಿಸುವ ಸೆಕೆ, ಚಳಿಗಾಲ ಸೌಮ್ಯ, ಹಿಮ ಬೀಳುವುದು ಅಪರೂಪ. ವರ್ಷಕ್ಕೆ ಸುಮಾರು 1200 ಮಿ.ಮೀ. ಮಳೆಯಾಗುತ್ತದೆ. ಚಳ್ಳಕೆರೆ, ಪಾವಗಡದ ಕಡೆಯ ನಮ್ಮ ರೈತರು ಇದರ ಅರ್ಧದಷ್ಟು ಮಳೆ ಬಂದರೂ ದೇವರಿಗೆ ಕೈಮುಗಿಯುತ್ತಾರೆ. ಆದರೂ ಅಲ್ಲಿಯ ರೈತರಿಗೆ ಬರದ ಭಯ ತಪ್ಪಿದ್ದಲ್ಲ. ಮರಳು ಬೆರೆತ ಕೆಂಪು ಮಣ್ಣು ನೀರನ್ನು ಹೆಚ್ಚು ಕಾಲ ಹಿಡಿದಿಡುವುದಿಲ್ಲ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೆಳೆ ಹೋಯಿತೆಂದೇ ಅರ್ಥ.

ಊರಿನ ನಡುವೆ ರೈಲು ಹಳಿ ಹಾದುಹೋಗುತ್ತದೆ. ಹಳಿಯ ಒಂದು ಬದಿಗೆ ಹೆದ್ದಾರಿ, ಮತ್ತೊಂದು ಬದಿಗೆ ಇಟ್ಟಿಗೆಯ ಹಳೆಯ ಅಂಗಡಿಗಳ ಒಂದೇ ಒಂದು ಸಾಲು. ಅದೇ ಪೇಟೆ. ಅದರಾಚೆ ಮನೆಗಳು, ಚರ್ಚುಗಳು, ಮರಗಳು. ಮರಗಳು ಮುಗಿದಲ್ಲಿಂದ ಹೊಲಗಳು.

ಹೆಸರಿನ ಹಿನ್ನೆಲೆ

ಈ ನೆಲದ ಮೂಲ ನಿವಾಸಿಗಳು ಮಸ್ಕೋಗಿ ಅಥವಾ ಕ್ರೀಕ್ ಎಂಬ ಬುಡಕಟ್ಟಿನ ಜನ. 1825 ಮತ್ತು 1826ರ ಒಪ್ಪಂದಗಳ ಮೂಲಕ ಅವರಿಂದ ಭೂಮಿಯನ್ನು ಕಿತ್ತುಕೊಳ್ಳಲಾಯಿತು. 1827ರಲ್ಲಿ ಆ ಭೂಮಿಯನ್ನು ಬಿಳಿಯ ವಲಸೆಗಾರರಿಗೆ ಲಾಟರಿ ಎತ್ತಿ ಹಂಚಲಾಯಿತು. ತಲೆಮಾರುಗಳಿಂದ ಬಾಳಿದವರ ಭೂಮಿ ಚೀಟಿಯೆತ್ತಿದವರ ಪಾಲಾದ ಈ ಸಂಗತಿಯನ್ನು ಮರೆತು ಆ ಊರಿನ ಚರಿತ್ರೆಯನ್ನು ಹೇಳಲಾಗದು. ಸಮ್ಟರ್ ಕೌಂಟಿ ರಚನೆಯಾದದ್ದು 1831ರಲ್ಲಿ.

ಆಗ ಈ ಸುತ್ತಿನಲ್ಲಿ ಮೂರು ಸಣ್ಣ ನೆಲೆಗಳಿದ್ದವು: ಪ್ಲೇನ್ಸ್ ಆಫ್ ಡುರಾ, ಮ್ಯಾಗ್ನೋಲಿಯಾ ಸ್ಪ್ರಿಂಗ್ಸ್ ಮತ್ತು ಲೆಬನಾನ್. 1880ರ ದಶಕದಲ್ಲಿ ರೈಲುಮಾರ್ಗ ಬಂದಾಗ ಜನ ಹಳೆಯ ನೆಲೆಗಳನ್ನು ಬಿಟ್ಟು ಹಳಿಯ ಬಳಿಗೆ ಸರಿದರು. ರೈಲು ನಿಲ್ದಾಣದ ಕಟ್ಟಡ 1888ರಲ್ಲಿ ಎದ್ದಿತು. ಉದ್ದದ ಹೆಸರು ಮೊಟಕಾಗಿ ‘ಪ್ಲೇನ್ಸ್’ ಎಂದಷ್ಟೇ ಉಳಿಯಿತು. 1896ರಲ್ಲಿ ಅದು ಅಧಿಕೃತವಾಗಿ ಪಟ್ಟಣವೆನಿಸಿತು. ಲೆಬನಾನ್ ಎಂಬ ಹೆಸರು ಇಂದು ಊರ ಹೊರಗಿನ ಸ್ಮಶಾನಕ್ಕೆ ಮಾತ್ರ ಉಳಿದಿದೆ.

‘ಡುರಾ ಬಯಲು’ ಎಂಬ ಹೆಸರು ಬೈಬಲಿನ ದಾನಿಯೇಲನ ಗ್ರಂಥದಿಂದ ಬಂದದ್ದು. ಬಾಬಿಲೋನಿನ ಅರಸ ನೆಬುಕದ್ನೆಚ್ಚರನು ಡುರಾ ಬಯಲಿನಲ್ಲಿ ಬಂಗಾರದ ದೊಡ್ಡ ಪ್ರತಿಮೆಯೊಂದನ್ನು ನಿಲ್ಲಿಸಿ, ಎಲ್ಲರೂ ಅದಕ್ಕೆ ಅಡ್ಡಬೀಳಬೇಕೆಂದು ಆಜ್ಞಾಪಿಸಿದನಂತೆ. ಮೂವರು ತರುಣರು ಒಪ್ಪಲಿಲ್ಲ. ಉರಿಯುವ ಕುಲುಮೆಗೆ ಎಸೆದರೂ ಅವರು ಸುಟ್ಟುಹೋಗಲಿಲ್ಲವೆಂಬುದು ಕಥೆ. ಅರಸನ ಅಂಜಿಕೆಗೆ ತಲೆಬಾಗದ ನಿಷ್ಠೆಯ ಕಥೆ ನಮಗೆ ಹೊಸದಲ್ಲ. ಕಲ್ಯಾಣದ ಶರಣರ ಬಾಳಿನಲ್ಲಿ ಅದನ್ನು ನಾವು ಕಂಡಿದ್ದೇವೆ. ಇಂಥ ಹೆಸರು ಹೊತ್ತ ಊರು ಮುಂದೆ ತನ್ನದೇ ನಿಷ್ಠೆಯ ಪರೀಕ್ಷೆಯನ್ನು ಎದುರಿಸಬೇಕಾಯಿತು.

ಹತ್ತಿಯಿಂದ ಶೇಂಗಾಕ್ಕೆ

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಬೆಳೆ ಹತ್ತಿ. ಅದನ್ನು ಬಿತ್ತಿ, ಕಳೆ ತೆಗೆದು, ಬಿಡಿಸಿದವರು ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. 1861ರಿಂದ 1865ರವರೆಗಿನ ಅಂತರ್ಯುದ್ಧದ ಕಡೆಯ ಭಾಗದಲ್ಲಿ ಈ ಸೀಮೆಯ ಆಂಡರ್ಸನ್‌ವಿಲ್ ಎಂಬಲ್ಲಿದ್ದ ಸೆರೆಶಿಬಿರದಲ್ಲಿ ಉತ್ತರದ ಸುಮಾರು 13,000 ಸೈನಿಕರು ಹಸಿವೆ ರೋಗಗಳಿಂದ ಸತ್ತರು. ಯುದ್ಧದ ನಂತರ ಗುಲಾಮಗಿರಿ ಕಾನೂನಿನಲ್ಲಿ ಅಳಿಯಿತು. ಆದರೆ ಭೂಮಿ ಹಳೆಯ ಒಡೆಯರ ಕೈಯಲ್ಲೇ ಉಳಿಯಿತು. ಬಿಡುಗಡೆ ಹೊಂದಿದವರು ಪಾಲಿಗೆ ಹೊಲ ಮಾಡುವವರಾದರು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲವನ್ನೂ ಒಡೆಯನ ಅಂಗಡಿಯಿಂದಲೇ ಸಾಲವಾಗಿ ತಂದು, ಸುಗ್ಗಿಯಲ್ಲಿ ಲೆಕ್ಕ ಮಾಡಿದರೆ ಸಾಲವೇ ಉಳಿಯುತ್ತಿತ್ತು. ಈ ಲೆಕ್ಕ ನಮ್ಮ ಹಿರಿಯರಿಗೂ ಅಪರಿಚಿತವಲ್ಲ.

1915ರ ಸುಮಾರಿಗೆ ಬೋಲ್ ವೀವಿಲ್ ಎಂಬ ಮೂತಿಹುಳು ಜಾರ್ಜಿಯಾವನ್ನು ಹೊಕ್ಕಿತು. ಹತ್ತಿಯ ಮೊಗ್ಗು ಕಾಯಿಗಳನ್ನು ಕೊರೆದು ತಿನ್ನುವ ಈ ಹುಳು ಕೆಲವೇ ವರ್ಷಗಳಲ್ಲಿ ಹತ್ತಿಯ ಬೇಸಾಯವನ್ನು ನೆಲಕಚ್ಚಿಸಿತು. ಅನೇಕ ಕುಟುಂಬಗಳು ಉತ್ತರದ ಕಾರ್ಖಾನೆಗಳತ್ತ ಗುಳೆ ಹೋದವು. ಉಳಿದವರು ಬೇರೆ ಬೆಳೆಗಳತ್ತ ಹೊರಳಿದರು. ಅವುಗಳಲ್ಲಿ ಈ ಮಣ್ಣಿಗೆ ಚೆನ್ನಾಗಿ ಒಗ್ಗಿದ್ದು ಶೇಂಗಾ.

ದಕ್ಷಿಣ ಅಮೆರಿಕ ಮೂಲದ ಶೇಂಗಾ ನಮ್ಮ ಚಿತ್ರದುರ್ಗ, ಗದಗ, ಕೊಪ್ಪಳದ ರೈತರ ಹೊಲಕ್ಕೆ ಬಂದಂತೆಯೇ ಜಾರ್ಜಿಯಾದ ರೈತರ ಹೊಲಕ್ಕೂ ಬಂದಿತು. ಹೂ ಮೇಲೆ ಬಿಟ್ಟು, ಊಡು ಇಳಿಸಿ, ಮಣ್ಣಿನೊಳಗೆ ಕಾಯಿ ಕಟ್ಟುವ ಈ ಬಳ್ಳಿಗೆ ಸಡಿಲವಾದ ಮರಳುಮಿಶ್ರಿತ ಮಣ್ಣೇ ಬೇಕು. ಬೇರಿನ ಗಂಟುಗಳ ಮೂಲಕ ಅದು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಹತ್ತಿ ಹೀರಿ ಬಡವಾಗಿಸಿದ ನೆಲಕ್ಕೆ ಇದು ವರವಾಯಿತು. ಏಪ್ರಿಲ್ ಮೇ ತಿಂಗಳಲ್ಲಿ ಬಿತ್ತನೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕೀಳುವುದು. ಇಂದು ಯಂತ್ರ ಬಳ್ಳಿಯನ್ನು ಬುಡಸಮೇತ ಎತ್ತಿ ತಲೆಕೆಳಗಾಗಿ ಮಲಗಿಸುತ್ತದೆ. ಎರಡು ಮೂರು ದಿನ ಬಿಸಿಲಲ್ಲಿ ಒಣಗಿದ ಮೇಲೆ ಇನ್ನೊಂದು ಯಂತ್ರ ಕಾಯಿ ಬಿಡಿಸುತ್ತದೆ. ಅಮೆರಿಕದ ಒಟ್ಟು ಶೇಂಗಾದಲ್ಲಿ ಸುಮಾರು ಅರ್ಧವನ್ನು ಜಾರ್ಜಿಯಾ ರಾಜ್ಯವೊಂದೇ ಬೆಳೆಯುತ್ತದೆ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಪ್ಲೇನ್ಸ್‌ನಲ್ಲಿ ಶೇಂಗಾ ಹಬ್ಬ ನಡೆಯುತ್ತದೆ. ಸುಗ್ಗಿಯ ಸಂಭ್ರಮ ಎಲ್ಲಿಯಾದರೂ ಒಂದೇ.

ಆರ್ಚರಿಯ ಹೊಲಮನೆ

1924ರ ಅಕ್ಟೋಬರ್ 1ರಂದು ಪ್ಲೇನ್ಸ್‌ನ ವೈಸ್ ಆಸ್ಪತ್ರೆಯಲ್ಲಿ ಜಿಮ್ಮಿ ಕಾರ್ಟರ್ ಹುಟ್ಟಿದರು. ಅಮೆರಿಕದ ಅಧ್ಯಕ್ಷರಲ್ಲಿ ಆಸ್ಪತ್ರೆಯಲ್ಲಿ ಜನಿಸಿದ ಮೊದಲಿಗರು ಇವರು. ಅವರ ತಾಯಿ ಲಿಲಿಯನ್ ಅದೇ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ಇಷ್ಟು ಸಣ್ಣ ಊರಿನಲ್ಲಿ ಆ ಕಾಲಕ್ಕೇ ಹೆಸರಾಂತ ಆಸ್ಪತ್ರೆಯೊಂದು ಇದ್ದುದು ವಿಶೇಷ.

1928ರಲ್ಲಿ ಕುಟುಂಬ ಊರಿಗೆ ಪಶ್ಚಿಮದಲ್ಲಿ ಎರಡೂವರೆ ಮೈಲಿ ದೂರದ ಆರ್ಚರಿ ಎಂಬ ಹಳ್ಳಿಯ ಹೊಲಮನೆಗೆ ಹೋಯಿತು. ಮನೆಯಲ್ಲಿ ನಲ್ಲಿಯಿರಲಿಲ್ಲ, ದೀಪವಿರಲಿಲ್ಲ. 1935ರಲ್ಲಿ ಗಾಳಿಯಂತ್ರ ಹಾಕಿಸಿದ ಮೇಲೆ ಮನೆಗೆ ನೀರು ಬಂದಿತು. ವಿದ್ಯುತ್ತು ಬಂದದ್ದು 1938ರಲ್ಲಿ. ಆರ್ಚರಿಯಲ್ಲಿ ಇದ್ದವರು ಬಹುತೇಕ ಆಫ್ರಿಕನ್ ಮೂಲದ ಕೂಲಿಕಾರರು. ಬಾಲಕ ಕಾರ್ಟರನ ಆಟದ ಗೆಳೆಯರೂ ಆ ಮನೆಗಳ ಮಕ್ಕಳೇ. ಹೊಲದಲ್ಲಿ ಜೊತೆಯಾಗಿ ದುಡಿದು, ಹಳ್ಳದಲ್ಲಿ ಜೊತೆಯಾಗಿ ಮೀನು ಹಿಡಿದವರು ಶಾಲೆಗೆ ಹೋಗುವಾಗ ಮಾತ್ರ ಬೇರೆಯಾಗುತ್ತಿದ್ದರು. ಬಿಳಿಯರಿಗೊಂದು ಶಾಲೆ, ಕರಿಯರಿಗೊಂದು. ಬಿಳಿಯರಿಗೊಂದು ಚರ್ಚು, ಕರಿಯರಿಗೊಂದು. ನಮ್ಮಲ್ಲಿ ಜಾತಿಗೊಂದು ಬಾವಿ, ಕೇರಿಗೊಂದು ಗುಡಿ ಇದ್ದಂತೆ.

ಐದಾರು ವರ್ಷದ ಹುಡುಗನಾಗಿದ್ದಾಗಲೇ ಕಾರ್ಟರ್ ಹೊಲದ ಶೇಂಗಾವನ್ನು ಉಪ್ಪುನೀರಿನಲ್ಲಿ ಬೇಯಿಸಿ, ಪೊಟ್ಟಣ ಕಟ್ಟಿ, ಪ್ಲೇನ್ಸ್‌ನ ಬೀದಿಯಲ್ಲಿ ಮಾರುತ್ತಿದ್ದರು. ಪ್ಲೇನ್ಸ್ ಹೈಸ್ಕೂಲಿನ ಜೂಲಿಯಾ ಕೋಲ್ಮನ್ ಎಂಬ ಶಿಕ್ಷಕಿ ಅವರಲ್ಲಿ ಓದಿನ ರುಚಿ ಹುಟ್ಟಿಸಿದರು. ಕಾಲ ಬದಲಾದಂತೆ ನಾವೂ ಹೊಂದಿಕೊಳ್ಳಬೇಕು, ಆದರೆ ಬದಲಾಗದ ತತ್ತ್ವಗಳನ್ನು ಬಿಡಬಾರದು ಎಂಬುದು ಆ ತಾಯಿಯ ಬೋಧೆ. 1977ರಲ್ಲಿ ಅಧ್ಯಕ್ಷ ಪದವಿ ಸ್ವೀಕರಿಸಿದ ಭಾಷಣದಲ್ಲಿ ಕಾರ್ಟರ್ ಈ ಶಿಕ್ಷಕಿಯನ್ನು ನೆನೆದರು. ಹಳ್ಳಿಯ ಶಾಲೆಯ ಗುರುವೊಬ್ಬರಿಗೆ ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಸಲ್ಲಲಾರದು.

1946ರಲ್ಲಿ ನೌಕಾಪಡೆ ಸೇರಿ, ಅದೇ ವರ್ಷ ತಮ್ಮ ಊರಿನವರೇ ಆದ ರೋಸಲಿನ್ ಅವರನ್ನು ಕೈಹಿಡಿದ ಕಾರ್ಟರ್, 1953ರಲ್ಲಿ ತಂದೆ ತೀರಿಕೊಂಡಾಗ ನೌಕರಿ ಬಿಟ್ಟು ಊರಿಗೆ ಮರಳಿದರು. 1954ರಲ್ಲಿ ಬರ ಬಿದ್ದಿತು. ಆ ದಿನಗಳಲ್ಲಿ ಕುಟುಂಬ ಬಡವರಿಗಾಗಿ ಸರ್ಕಾರ ಕಟ್ಟಿಸಿದ ಮನೆಯಲ್ಲಿ ವಾಸವಾಗಿತ್ತು. ಬೀಜದ ಶೇಂಗಾ ವ್ಯಾಪಾರ ಕೈಹಿಡಿದ ಮೇಲೆ 1961ರಲ್ಲಿ ಸ್ವಂತ ಮನೆ ಕಟ್ಟಿದರು. ಮುಂದೆ ರಾಜ್ಯಪಾಲರಾದರೂ, ಅಧ್ಯಕ್ಷರಾದರೂ ಅವರ ಸ್ವಂತ ಮನೆ ಅದೊಂದೇ.

ಮುಚ್ಚಿದ ಬಾಗಿಲು

ಈಗ ಈ ಊರಿನ ಚರಿತ್ರೆಯ ಕಹಿಯಾದ ಭಾಗವನ್ನು ಹೇಳಬೇಕಾಗಿದೆ. 1965ರಲ್ಲಿ, ಸಮಾನ ಹಕ್ಕುಗಳಿಗಾಗಿ ಆಫ್ರಿಕನ್ ಅಮೆರಿಕನ್ನರ ಹೋರಾಟ ದಕ್ಷಿಣದ ಊರೂರುಗಳಲ್ಲಿ ನಡೆದಿದ್ದಾಗ, ಪ್ಲೇನ್ಸ್ ಬ್ಯಾಪ್ಟಿಸ್ಟ್ ಚರ್ಚಿನ ಮುಂದೆ ಒಂದು ಠರಾವು ಬಂದಿತು. ಪ್ರಾರ್ಥನೆಗೆಂದು ಕರಿಯರು ಬಂದರೆ ಒಳಗೆ ಬಿಡಬಾರದು ಎಂಬುದು ಅದರ ತಾತ್ಪರ್ಯ. ಕಾರ್ಟರ್ ಎದ್ದುನಿಂತು ವಿರೋಧಿಸಿದರು. ಮತಕ್ಕೆ ಹಾಕಿದಾಗ ಅವರ ಪರವಾಗಿ ಬಿದ್ದದ್ದು ಆರೇ ಮತ, ಅದೂ ಬಹುತೇಕ ಅವರ ಕುಟುಂಬದವರದೇ. ಸಭೆಯಲ್ಲಿದ್ದ ಅನೇಕರು ಯಾವ ಪಕ್ಷಕ್ಕೂ ಕೈಯೆತ್ತದೆ ಸುಮ್ಮನೆ ಕುಳಿತರು. ಅನ್ಯಾಯವನ್ನು ಮಾಡುವವರು ಎಂದಿಗೂ ಕೆಲವರೇ; ಸುಮ್ಮನಿರುವವರ ಬಲದಿಂದ ಅದು ನಡೆಯುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಹನ್ನೊಂದು ವರ್ಷಗಳ ನಂತರ, 1976ರ ಅಕ್ಟೋಬರ್ 31ರ ಭಾನುವಾರ, ಅಧ್ಯಕ್ಷ ಚುನಾವಣೆಗೆ ಎರಡೇ ದಿನ ಉಳಿದಿದ್ದಾಗ, ಕ್ಲೆನನ್ ಕಿಂಗ್ ಎಂಬ ಆಫ್ರಿಕನ್ ಅಮೆರಿಕನ್ ಪಾದ್ರಿಯೊಬ್ಬರು ಆ ಚರ್ಚಿನ ಸದಸ್ಯತ್ವ ಕೇಳಲು ಬಂದರು. ಚರ್ಚು ಆ ದಿನದ ಪ್ರಾರ್ಥನೆಯನ್ನೇ ರದ್ದುಮಾಡಿ ಬಾಗಿಲು ಮುಚ್ಚಿತು. ಸುದ್ದಿ ಜಗತ್ತಿಗೆಲ್ಲ ಹರಡಿತು. ಚುನಾವಣೆ ಮುಗಿದ ಮೇಲೆ ನವೆಂಬರಿನಲ್ಲಿ ಸಭೆ ಸೇರಿ ಆ ನಿಷೇಧವನ್ನು ತೆಗೆದುಹಾಕಿದರು. ಆದರೆ ಬಿರುಕು ಮುಚ್ಚಲಿಲ್ಲ. 1977ರಲ್ಲಿ ಒಂದು ಸಣ್ಣ ಗುಂಪು ಬೇರೆಯಾಗಿ, ಎಲ್ಲರಿಗೂ ಬಾಗಿಲು ತೆರೆದ ಮಾರನಾಥ ಬ್ಯಾಪ್ಟಿಸ್ಟ್ ಚರ್ಚನ್ನು ಸ್ಥಾಪಿಸಿತು. 1981ರಲ್ಲಿ ಊರಿಗೆ ಮರಳಿದ ಕಾರ್ಟರ್ ದಂಪತಿಗಳು ಸೇರಿದ್ದು ಈ ಚರ್ಚನ್ನೇ. 2019ರಲ್ಲಿ ಅದೇ ಚರ್ಚು ಆಫ್ರಿಕನ್ ಅಮೆರಿಕನ್ ಪಾದ್ರಿಯೊಬ್ಬರನ್ನು ತನ್ನ ಬೋಧಕರನ್ನಾಗಿ ಆರಿಸಿಕೊಂಡಿತು.

ಈ ಸೀಮೆಯಲ್ಲಿ ಇದಕ್ಕೂ ಮೊದಲೇ ದೀಪ ಹಚ್ಚಿದವರಿದ್ದರು. 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಧರ್ಮಪಂಡಿತರು ಅಮೆರಿಕಸ್ ಬಳಿ ‘ಕೊಯಿನೋನಿಯಾ’ ಎಂಬ ಹೊಲವನ್ನು ಕೊಂಡು, ಬಿಳಿಯರೂ ಕರಿಯರೂ ಒಟ್ಟಿಗೆ ದುಡಿದು ಒಂದೇ ಪಂಕ್ತಿಯಲ್ಲಿ ಉಣ್ಣುವ ಸಮುದಾಯವನ್ನು ಕಟ್ಟಿದರು. ಆ ಗ್ರೀಕ್ ಪದಕ್ಕೆ ಒಡನಾಟ, ಸಹಭಾಗಿತ್ವ ಎಂದರ್ಥ. 1950ರ ದಶಕದಲ್ಲಿ ಅವರ ಮೇಲೆ ಗುಂಡು ಹಾರಿದವು, ರಸ್ತೆಬದಿಯ ಅವರ ಅಂಗಡಿಗೆ ಬಾಂಬು ಬಿದ್ದಿತು. ವ್ಯಾಪಾರಿಗಳು ಅವರಿಗೆ ಬೀಜ ಗೊಬ್ಬರ ಮಾರದೆ ಬಹಿಷ್ಕಾರ ಹಾಕಿದರು. ಅವರು ಎದುರೇಟು ಕೊಡಲಿಲ್ಲ, ಊರನ್ನೂ ಬಿಡಲಿಲ್ಲ. ಪೆಕಾನ್ ಎಂಬ ಕಾಯಿಯನ್ನು ಅಂಚೆಯ ಮೂಲಕ ದೂರದೂರಿಗೆ ಮಾರಿ ಬದುಕಿದರು. ಹರಳಯ್ಯ ಮಧುವರಸರ ಮನೆಗಳ ನಡುವಿನ ಸಂಬಂಧಕ್ಕಾಗಿ ಕಲ್ಯಾಣದಲ್ಲಿ ಏನಾಯಿತೆಂಬುದನ್ನು ಬಲ್ಲ ನಮಗೆ ಈ ಕಥೆಯ ಭಾರ ತಿಳಿಯುತ್ತದೆ.

ಈ ಕೊಯಿನೋನಿಯಾದ ಹೊಲದಿಂದಲೇ ಮತ್ತೊಂದು ಮಹತ್ಕಾರ್ಯ ಮೊಳೆಯಿತು. ಬಡವರಿಗೆ ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಡುವ ಅಲ್ಲಿಯ ಪ್ರಯೋಗವನ್ನು ಮುಂದುವರಿಸಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿಗಳು 1976ರಲ್ಲಿ ಅಮೆರಿಕಸ್ ಪಟ್ಟಣದಲ್ಲಿ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ’ ಸಂಸ್ಥೆಯನ್ನು ಆರಂಭಿಸಿದರು. ಮನೆ ಪಡೆಯುವವರೂ ತಮ್ಮ ಕೈಯಿಂದ ದುಡಿಯಬೇಕೆಂಬುದು ಅದರ ನಿಯಮ. 1984ರಿಂದ ಕಾರ್ಟರ್ ದಂಪತಿಗಳು ಪ್ರತಿವರ್ಷ ಕೆಲ ದಿನ ಸುತ್ತಿಗೆ ಹಿಡಿದು ಈ ಕೆಲಸದಲ್ಲಿ ತೊಡಗಿದರು. 2006ರಲ್ಲಿ ಮಹಾರಾಷ್ಟ್ರದ ಲೋಣಾವಳದ ಬಳಿಯ ಮಳವಲಿಯಲ್ಲಿ 100 ಮನೆಗಳ ಕೆಲಸಕ್ಕೂ ಬಂದರು.

ಕಾಯಕದ ದಂಪತಿಗಳು

ಮಾರನಾಥ ಚರ್ಚಿನಲ್ಲಿ ಕಾರ್ಟರ್ ದಶಕಗಳ ಕಾಲ ಭಾನುವಾರದ ಧರ್ಮಪಾಠ ಹೇಳಿದರು. ಕಡೆಯ ಪಾಠ ಹೇಳಿದ್ದು 2019ರ ನವೆಂಬರಿನಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ. ಅದನ್ನು ಕೇಳಲು ದೇಶದ ಮೂಲೆಮೂಲೆಗಳಿಂದ ಜನ ನಸುಕಿನಲ್ಲೇ ಬಂದು ಸಾಲು ನಿಲ್ಲುತ್ತಿದ್ದರು. ನಮ್ಮನ್ನು ಹೆಚ್ಚು ಸೆಳೆಯುವುದು ಪಾಠವಲ್ಲ, ಪಾಠದ ಆಚೆಗಿನ ನಡೆ. ಸರದಿ ಬಂದಾಗ ಚರ್ಚಿನ ಅಂಗಳದ ಹುಲ್ಲನ್ನು ಅವರು ಕತ್ತರಿಸುತ್ತಿದ್ದರು. ಶೌಚಾಲಯವನ್ನು ರೋಸಲಿನ್ ತೊಳೆಯುತ್ತಿದ್ದರು. ಕಾಣಿಕೆ ಸಂಗ್ರಹಿಸುವ ಮರದ ತಟ್ಟೆಗಳನ್ನು ಕಾರ್ಟರ್ ತಮ್ಮ ಕೈಯಿಂದ ಕಡೆದುಕೊಟ್ಟಿದ್ದರು. ಹಗ್ಗ ಹೊಸೆದ ನುಲಿಯ ಚಂದಯ್ಯ, ಅಕ್ಕಿಯಾಯ್ದ ಮಾರಯ್ಯ ಇವರ ವಂಶಕ್ಕೆ ಸೇರಿದವರೆಂದು ಹೇಳಿಕೊಳ್ಳುವ ನಾವು, ನಮ್ಮ ಮಠ ಮಂದಿರಗಳ ಅಂಗಳ ಗುಡಿಸುವ ಕೆಲಸವನ್ನು ಯಾರ ಪಾಲಿಗೆ ಬಿಟ್ಟಿದ್ದೇವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕಾರ್ಟರರ ತಾಯಿ ಲಿಲಿಯನ್ ಅವರಿಗೂ ನಮ್ಮ ದೇಶಕ್ಕೂ ನೇರವಾದ ನಂಟಿದೆ. ಮಕ್ಕಳು ಬೆಳೆದು, ಪತಿ ತೀರಿದ ಮೇಲೆ, 68ರ ವಯಸ್ಸಿನಲ್ಲಿ ಅವರು ಪೀಸ್ ಕೋರ್ ಎಂಬ ಸೇವಾಪಡೆಯನ್ನು ಸೇರಿ ಮುಂಬಯಿಯ ವಿಕ್ರೋಳಿಗೆ ಬಂದರು. 1966ರಿಂದ 1968ರವರೆಗೆ ಅಲ್ಲಿಯ ಚಿಕಿತ್ಸಾಲಯದಲ್ಲಿ ದಾದಿಯಾಗಿ ಕುಷ್ಠರೋಗಿಗಳೂ ಸೇರಿ ಬಡವರ ಶುಶ್ರೂಷೆ ಮಾಡಿದರು. ತಮ್ಮ ಊರಿನಲ್ಲಿಯೂ ಮೈಬಣ್ಣ ನೋಡದೆ ನೆರೆಯವರ ಬಾಣಂತನ ಮಾಡಿದ ಹೆಣ್ಣುಮಗಳು ಅವರು. ‘ವಯಸ್ಸಾಯಿತು, ಇನ್ನೇನು’ ಎಂದು ಕೂರುವ ನಮ್ಮ ಹಿರಿಯರು ಈ ತಾಯಿಯನ್ನು ಒಮ್ಮೆ ನೆನೆಯಬೇಕು.

ಕಾರ್ಟರರು 1982ರಲ್ಲಿ ಅಟ್ಲಾಂಟಾದಲ್ಲಿ ಸ್ಥಾಪಿಸಿದ ಕೇಂದ್ರವು ಗಿನಿ ಹುಳುವಿನ ರೋಗದ ನಿರ್ಮೂಲನಕ್ಕೆ ದುಡಿಯಿತು. ನಮ್ಮಲ್ಲಿ ಇದನ್ನೇ ನಾರುಹುಣ್ಣು ಎನ್ನುತ್ತಿದ್ದರು. ಮೆಟ್ಟಿಲುಬಾವಿಯ ನೀರು ಕುಡಿದು ಕಾಲಿನಿಂದ ನಾರಿನಂಥ ಹುಳು ಹೊರಬರುತ್ತಿದ್ದ ಸಂಕಟವನ್ನು ನಮ್ಮ ಹಳ್ಳಿಗಳ ಹಿರಿಯರು ಕಂಡವರೇ. ನಮ್ಮ ದೇಶ ತನ್ನದೇ ಕಾರ್ಯಕ್ರಮದಿಂದ ಇದನ್ನು ಗೆದ್ದು 2000ದಲ್ಲಿ ಮುಕ್ತವೆಂದು ಘೋಷಿತವಾಯಿತು. ಜಗತ್ತಿನಲ್ಲಿ 1986ರ ಸುಮಾರಿಗೆ ವರ್ಷಕ್ಕೆ 35 ಲಕ್ಷದಷ್ಟಿದ್ದ ರೋಗಿಗಳ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಬೆರಳೆಣಿಕೆಗೆ ಇಳಿದಿದೆ. ಶಾಂತಿಗಾಗಿ ದುಡಿದುದಕ್ಕೆ 2002ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಜನಸಂಖ್ಯೆಯ ಲೆಕ್ಕ

1970ರ ಜನಗಣತಿಯಲ್ಲಿ ಪ್ಲೇನ್ಸ್‌ನ ಜನ 683. 1990ರಲ್ಲಿ 716, 2000ದಲ್ಲಿ 637, 2010ರಲ್ಲಿ 776. ಹತ್ತೇ ವರ್ಷಗಳಲ್ಲಿ ಅದು 573ಕ್ಕೆ ಇಳಿಯಿತು. ಅಂದರೆ ಇನ್ನೂರಕ್ಕೂ ಹೆಚ್ಚು ಜನ ಕಡಿಮೆಯಾದರು, ನಾಲ್ಕರಲ್ಲಿ ಒಬ್ಬರಂತೆ. 2000ದ ಗಣತಿಯ ಪ್ರಕಾರ ನೂರಕ್ಕೆ ಅರವತ್ತರಷ್ಟು ಜನ ಆಫ್ರಿಕನ್ ಅಮೆರಿಕನ್ನರು. ಅಧ್ಯಕ್ಷರ ಊರೆಂದು ಹೆಸರಾದರೂ ಊರು ದೊಡ್ಡದಾಗಲಿಲ್ಲ.

ಕಾರಣಗಳು ನಮಗೆ ತಿಳಿಯದವೇನಲ್ಲ. ಒಂದು ಕಾಲಕ್ಕೆ ನೂರಾರು ಕೈಗಳು ಮಾಡುತ್ತಿದ್ದ ಹೊಲದ ಕೆಲಸವನ್ನು ಇಂದು ಕೆಲವೇ ಯಂತ್ರಗಳು ಮುಗಿಸುತ್ತವೆ. ಹೊಲಗಳು ದೊಡ್ಡವಾದವು, ಒಕ್ಕಲುಗಳು ಕಡಿಮೆಯಾದವು. ಕಾರ್ಟರ್ ಓದಿದ ಹೈಸ್ಕೂಲು 1979ರಲ್ಲಿ ಮುಚ್ಚಿತು; 1996ರಿಂದ ಅದು ವಸ್ತು ಸಂಗ್ರಹಾಲಯ. ಶಾಲೆ ಮುಚ್ಚಿದ ಊರಿನಲ್ಲಿ ಎಳೆಯ ಕುಟುಂಬಗಳು ನಿಲ್ಲುವುದು ಕಷ್ಟ. ಒಂದು ಕಾಲಕ್ಕೆ ಆಸ್ಪತ್ರೆಗೆ ಹೆಸರಾಗಿದ್ದ ಊರಿಗೆ ವೈದ್ಯರೇ ಇಲ್ಲದ ಸ್ಥಿತಿ ಬಂದಾಗ, ಕಾರ್ಟರರ ಕೋರಿಕೆಯಂತೆ 2018ರಲ್ಲಿ ಮರ್ಸರ್ ವಿಶ್ವವಿದ್ಯಾಲಯ ಅಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆಯಿತು.

ಊರಿನವರು ಕೈಕಟ್ಟಿ ಕೂತಿಲ್ಲ. 1987ರಲ್ಲಿ ಕಾರ್ಟರರ ಶಾಲೆ, ಹೊಲಮನೆ, ರೈಲು ನಿಲ್ದಾಣಗಳನ್ನು ರಾಷ್ಟ್ರೀಯ ಸ್ಮಾರಕಗಳನ್ನಾಗಿ ಮಾಡಲಾಯಿತು. 1976ರ ಚುನಾವಣೆಯ ಕಚೇರಿ ನಡೆದದ್ದು ಅದೇ ಹಳೆಯ ರೈಲು ನಿಲ್ದಾಣದಲ್ಲಿ. 2002ರಿಂದ ಪ್ರವಾಸಿಗರ ರೈಲೊಂದು ಹಳೆಯ ಹಳಿಯ ಮೇಲೆ ಆರ್ಚರಿಯವರೆಗೆ ಬರತೊಡಗಿತು. 2017ರಲ್ಲಿ ಕಾರ್ಟರ್ ತಮ್ಮ 10 ಎಕರೆ ಹೊಲವನ್ನು ಸೌರಫಲಕಗಳಿಗಾಗಿ ಬಿಟ್ಟುಕೊಟ್ಟರು. ಊರಿಗೆ ಬೇಕಾದ ವಿದ್ಯುತ್ತಿನ ಅರ್ಧಕ್ಕೂ ಮಿಕ್ಕಿ ಅಲ್ಲಿಂದ ದೊರೆಯುವಂತಾಯಿತು. 1938ರವರೆಗೆ ಎಣ್ಣೆದೀಪದಲ್ಲಿ ಓದಿದ ಬಾಲಕ ತನ್ನ ಊರಿಗೆ ಕೊಟ್ಟ ಬೆಳಕು ಇದು.

ಮುಂದೇನು?

2023ರ ಸೆಪ್ಟೆಂಬರಿನ ಶೇಂಗಾ ಹಬ್ಬದಲ್ಲಿ ಕಾರ್ಟರ್ ದಂಪತಿಗಳು ಕಡೆಯ ಬಾರಿಗೆ ಒಟ್ಟಾಗಿ ಊರ ಜನರಿಗೆ ಕಾಣಿಸಿಕೊಂಡರು. ಅದೇ ವರ್ಷದ ನವೆಂಬರ್ 19ರಂದು, 77 ವರ್ಷಗಳ ದಾಂಪತ್ಯದ ನಂತರ, ರೋಸಲಿನ್ ತೀರಿಕೊಂಡರು. 2024ರ ಡಿಸೆಂಬರ್ 29ರಂದು, ನೂರು ವರ್ಷ ತುಂಬಿದ ಕಾರ್ಟರ್ ತಮ್ಮ ಊರಿನ ಅದೇ ಮನೆಯಲ್ಲಿ ಕಣ್ಣುಮುಚ್ಚಿದರು. ರಾಜಧಾನಿಯಲ್ಲಿ ರಾಷ್ಟ್ರಗೌರವ ಸಲ್ಲಿಸಿದ ಮೇಲೆ ಅಂತ್ಯಸಂಸ್ಕಾರ ನಡೆದದ್ದು ಪ್ಲೇನ್ಸ್‌ನಲ್ಲಿ. ಮನೆಯ ಆವರಣದ ಕೊಳದ ಬಳಿ ಇಬ್ಬರೂ ಮಣ್ಣಾಗಿದ್ದಾರೆ.

ಭಾನುವಾರದ ಪಾಠಕ್ಕೆ ಬರುತ್ತಿದ್ದ ನೂರಾರು ಜನ ಇಂದು ಬರುವುದಿಲ್ಲ. ಮಾರನಾಥ ಚರ್ಚಿನ ಖಾಯಂ ಸದಸ್ಯರು ಮೊದಲಿನಿಂದಲೂ ಕೆಲವರೇ, ಅವರಲ್ಲಿಯೂ ಹೆಚ್ಚಿನವರು ಹಿರಿಯರು. ಮಹಾಪುರುಷನೊಬ್ಬ ಇದ್ದಷ್ಟು ದಿನ ಊರು ಅವನ ಹೆಸರಿನಲ್ಲಿ ಬಾಳಬಹುದು. ಅವನು ಹೋದ ಮೇಲೆ ಊರನ್ನು ಉಳಿಸಬೇಕಾದವರು ಊರಿನವರೇ. ಸ್ಮಾರಕಕ್ಕೆ ಪ್ರವಾಸಿಗರು ಬರಬಹುದು. ಆದರೆ ಶಾಲೆಗೆ ಮಕ್ಕಳು ಬೇಕು, ಹೊಲಕ್ಕೆ ಒಕ್ಕಲು ಬೇಕು, ಪ್ರಾರ್ಥನೆಗೆ ಕೂಡುವ ಜನ ಬೇಕು.

ಓದುಗ ಬಂಧುಗಳೇ, ಈ ಪ್ರಶ್ನೆ ಪ್ಲೇನ್ಸ್ ಒಂದಕ್ಕೇ ಸೇರಿದ್ದಲ್ಲ. ಶರಣರು ಹುಟ್ಟಿದ, ನಡೆದಾಡಿದ, ಐಕ್ಯರಾದ ನಮ್ಮ ಅನೇಕ ಹಳ್ಳಿಗಳಲ್ಲಿ ಇಂದು ಜಾತ್ರೆಯ ದಿನ ತೇರಿನ ಮಿಣಿ ಹಿಡಿಯಲು ಸಾವಿರಾರು ಜನ ಸೇರುತ್ತಾರೆ. ಜಾತ್ರೆ ಮುಗಿದ ಮರುದಿನ ಬೀಗ ಬಿದ್ದ ಮನೆಗಳ ಸಾಲು ಕಾಣುತ್ತದೆ. ಊರಿನ ಹೆಸರನ್ನು ನಮ್ಮ ಹೆಸರಿನ ಮುಂದೆ ಇಟ್ಟುಕೊಂಡು ನಾವು ಪಟ್ಟಣದಲ್ಲಿ ಬಾಳುತ್ತೇವೆ. ಎಲ್ಲರೂ ಮರಳಿ ಹೋಗುವುದು ಸಾಧ್ಯವಿಲ್ಲ, ಹೋಗಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ದುಡಿದದ್ದರಲ್ಲಿ ಒಂದು ಪಾಲನ್ನು ಹುಟ್ಟೂರಿನ ಶಾಲೆಗೆ, ಅಲ್ಲಿಯ ಕೆರೆಗೆ, ಅಲ್ಲಿಯ ಔಷಧಾಲಯಕ್ಕೆ ಸಲ್ಲಿಸುವುದು ದಾಸೋಹವೇ. ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಹೊಲದ ಬದುವಿನ ಮೇಲೆ ನಡೆಸುವುದು ಸಂಸ್ಕಾರವೇ. ನಮ್ಮ ಗುಡಿಯ, ನಮ್ಮ ಮಠದ, ನಮ್ಮ ಮನೆಯ ಬಾಗಿಲು ಯಾರಿಗೂ ಮುಚ್ಚದಂತೆ ನೋಡಿಕೊಳ್ಳುವುದು ಬಸವಣ್ಣನವರು ನಮಗೆ ವಹಿಸಿದ ಕೆಲಸ.

ಆರು ಮತಗಳು ಸೋತ ಊರಿನಲ್ಲಿ ಹನ್ನೆರಡು ವರ್ಷಗಳ ಮೇಲೆ ತೆರೆದ ಬಾಗಿಲಿನ ಚರ್ಚು ಎದ್ದಿತು. ನಮ್ಮ ಊರಿನ ಸಭೆಗಳಲ್ಲಿ ನ್ಯಾಯದ ಪರ ಕೈಯೆತ್ತುವವರು ಇಂದು ಆರೇ ಜನರಿದ್ದರೂ, ಆ ಆರರಲ್ಲಿ ನಮ್ಮ ಮನೆಯವರೂ ಇರಲಿ ಎಂಬುದು ನಮ್ಮ ಹಾರೈಕೆ.